ಗುಳಿಗೆ ಐದು, ಬಿಪಿ ಇನ್ನೂರು

ನಮ್ಮ ಡಯಾಲಿಸಿಸ್ ಘಟಕಕ್ಕೆ ಬಂದವರು ಚಪ್ಪಲಿ ಬಿಟ್ಟು ಮೊದಲು ಹತ್ತುವುದು ತೂಕದ ಯಂತ್ರ. ಆಮೇಲೆ ಬಿಪಿ ನೋಡುತ್ತೇವೆ. ಈ ಎರಡು ಅಂಕಿಗಳನ್ನು ಫೈಲಿನಲ್ಲಿ ಅಕ್ಕಪಕ್ಕ ಬರೆದರೆ ಸಾಕು, ಆ ಮನುಷ್ಯ ಕಳೆದ ಮೂರ್ನಾಲ್ಕು ದಿನ ಏನು ಉಂಡ, ಎಷ್ಟು ಕುಡಿದ ಎಂಬುದು ಕೇಳದೆಯೇ ತಿಳಿಯುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆ ಮುಗಿದ ವಾರ ದೇವಾಪುರ ಕಡೆಯ ಕಾಕಾ ಒಬ್ಬರು ಬಂದಿದ್ದರು. ಹಿಂದಿನ ಸಲ ನಮ್ಮಲ್ಲಿಂದ ಹೊರಟಾಗ 52 ಕಿಲೊ ಇದ್ದವರು ಈಗ 55 ಮುಕ್ಕಾಲು. ಬಿಪಿ 200ಕ್ಕೆ 110.

“ಗುಳಿಗಿ ತಗೊಂಡೀರೇನ್ರಿ ಕಾಕಾ?”

“ಐದೂ ನುಂಗೀನಿ ಯವ್ವಾ, ಒಂದೂ ಬಿಟ್ಟಿಲ್ಲ. ಟೆನ್ಶನ್ ಭಾಳ ಆಗ್ಯಾದ ನೋಡು. ಹತ್ತಿ ರೇಟ್ ಬಿದ್ದದ, ಅದಕ್ಕ ಬಿಪಿ ಏರ್ಯಾದ.”

ಹತ್ತಿ ದರ ಬಿದ್ದದ್ದು ಸುಳ್ಳಲ್ಲ. ಚಿಂತೆಗೆ ಬಿಪಿ ಒಂದಿಷ್ಟು ಏರುವುದೂ ಸುಳ್ಳಲ್ಲ. ಆದರೆ ಕಿಡ್ನಿ ಕೆಟ್ಟವರ ಬಿಪಿಗೆ ಚಿಂತೆಯನ್ನು ಹೊಣೆ ಮಾಡಿದರೆ ನಿಜವಾದ ಕಾರಣ ಪಾರಾಗಿಬಿಡುತ್ತದೆ. ಕಾಕಾನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಕಣ್ಣಿನ ಕೆಳಗೆ ಬಾವು, ಮಲಗಿದರೆ ದಮ್ಮು. ಮೈಯಲ್ಲಿ ಹೆಚ್ಚಾಗಿದ್ದ ಮೂರು ಮುಕ್ಕಾಲು ಕಿಲೊ ಹೆಚ್ಚುಕಡಿಮೆ ಪೂರ್ತಿ ನೀರು. ಒಂದು ಕಿಲೊ ಎಂದರೆ ಒಂದು ಲೀಟರ್. ಆ ನೀರನ್ನು ಹಿಡಿದಿಟ್ಟದ್ದು ಜಾತ್ರೆಯ ಮಿರ್ಚಿ ಭಜಿ, ಚುರುಮುರಿ, ಮನೆಯ ಉಪ್ಪಿನಕಾಯಿ.

ನಾನು ದೇವಾಪುರದವಳು. ಸುರಪುರ ತಾಲ್ಲೂಕಿನ ಊರು. ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮವನೇ ಎಂದು ನಮ್ಮ ಕಡೆಯ ಹಿರಿಯರು ವಾದಿಸುತ್ತಾರೆ, ಕಡೂರು ಕಡೆಯ ದೇವನೂರಿನವರು ಬಿಟ್ಟುಕೊಡುವುದಿಲ್ಲ. ಆ ಜಗಳ ನನಗೆ ಬೇಡ. ನರ್ಸಿಂಗ್ ಓದಿ ಡಯಾಲಿಸಿಸ್ ಕೆಲಸಕ್ಕೆ ಸೇರಿದವಳು ನಾನು, ದಿನವೂ ನೋಡುವುದು ಕಿಡ್ನಿ ಮತ್ತು ಬಿಪಿಯ ಜಗಳವನ್ನು. ಕಿಡ್ನಿ ಪೂರ್ತಿ ಸೋಲುವ ಹಂತಕ್ಕೆ ಬಂದವರಲ್ಲಿ ಹತ್ತಕ್ಕೆ ಎಂಟು ಜನರಿಗಾದರೂ ಬಿಪಿ ಹೆಚ್ಚಿರುತ್ತದೆ. ಅದಕ್ಕೆ ಕಾರಣ ಒಂದೇ ಅಲ್ಲ, ಆದರೆ ಎಲ್ಲ ಕಾರಣಗಳ ತೂಕವೂ ಒಂದೇ ಅಲ್ಲ. ಮೊದಲ ಆರೋಪಿ ಉಪ್ಪು. ಮಿಕ್ಕವರೆಲ್ಲ ಅದರ ಹಿಂದೆ ನಿಲ್ಲುತ್ತಾರೆ. ಇದನ್ನು ಒಪ್ಪಿಕೊಳ್ಳದೆ ಗುಳಿಗೆಯ ಮೇಲೆ ಗುಳಿಗೆ ಏರಿಸುತ್ತ ಹೋದರೆ ಆಗುವುದೇ ಕಾಕಾನ ಕಥೆ.

ಕಿಡ್ನಿ ಎಂದರೆ ಮೂತ್ರ ಮಾಡುವ ಅಂಗ ಎಂದಷ್ಟೇ ಬಹಳ ಜನರ ತಿಳಿವಳಿಕೆ. ಬಿಪಿಯನ್ನು ಹದದಲ್ಲಿ ಇಡುವ ಹಿರಿಯ ಯಜಮಾನನೂ ಅದೇ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ, ಅದರಲ್ಲಿ ಐದನೆಯ ಒಂದು ಪಾಲು ಮುಷ್ಟಿಗಾತ್ರದ ಈ ಎರಡು ಅಂಗಗಳಿಗೇ ಹೋಗುತ್ತದೆ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳು, ಅಂದರೆ ರಕ್ತ ಸೋಸುವ ಸಣ್ಣ ಘಟಕಗಳು. ಎಲ್ಲ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸಿ, ಬೇಕಾದದ್ದನ್ನೆಲ್ಲ ಮರಳಿ ಹೀರಿಕೊಂಡು, ಕೊನೆಗೆ ಒಂದೂವರೆ ಲೀಟರ್ ಮೂತ್ರ ಹೊರಗೆ ಬಿಡುತ್ತವೆ. ಗಟ್ಟಿಮುಟ್ಟಾದ ಮನುಷ್ಯ ಮದುವೆಮನೆಯಲ್ಲಿ ಉಪ್ಪು ಹೆಚ್ಚು ತಿಂದರೆ ಬಿಪಿ ತುಸು ಏರಿದ ಕೂಡಲೆ ಕಿಡ್ನಿ ಎಚ್ಚೆತ್ತು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಹೊರಹಾಕುತ್ತದೆ, ಬಿಪಿ ಇಳಿಯುತ್ತದೆ. ನೆಫ್ರಾನ್‌ಗಳು ಸತ್ತು ಕಾಲು ಭಾಗವೋ ಅದಕ್ಕಿಂತ ಕಡಿಮೆಯೋ ಉಳಿದಾಗ ಅಷ್ಟೇ ಉಪ್ಪನ್ನು ಹೊರಹಾಕಲು ಹೆಚ್ಚು ಒತ್ತಡ ಬೇಕಾಗುತ್ತದೆ. ಆಗ ಏರಿದ ಬಿಪಿ ಏರಿದಲ್ಲೇ ನಿಲ್ಲುತ್ತದೆ. ಪೂರ್ತಿ ಸೋತ ಮೇಲೆ ಎಷ್ಟು ಒತ್ತಡವಿದ್ದರೂ ಉಪ್ಪು ಹೊರಗೆ ಹೋಗುವುದಿಲ್ಲ.

ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುವ ಗಾದೆ ಡಯಾಲಿಸಿಸ್ ವಾರ್ಡಿನಲ್ಲಿ ಅಕ್ಷರಶಃ ನಿಜ. ರಕ್ತದಲ್ಲಿ ಉಪ್ಪಿನ ಹದ ತಪ್ಪಲು ದೇಹ ಬಿಡುವುದಿಲ್ಲ. ಉಪ್ಪು ಹೆಚ್ಚಾದರೆ ಮಿದುಳು ಬಾಯಾರಿಕೆ ಹುಟ್ಟಿಸುತ್ತದೆ, ಹದ ಸರಿಹೋಗುವ ತನಕ ಕುಡಿಸುತ್ತದೆ. ಹೊರಹೋಗದೆ ಉಳಿದ 8-9 ಗ್ರಾಂ ಉಪ್ಪಿಗೆ ಸುಮಾರು ಒಂದು ಲೀಟರ್ ನೀರು ಜೊತೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ, ಅಂದರೆ ತಲೆ ಒರೆಸಿದ ಒಂದು ಚಹಾ ಚಮಚಕ್ಕಿಂತ ಕಡಿಮೆ. ನಮ್ಮವರು ಅದರ ದುಪ್ಪಟ್ಟಿನ ಹತ್ತಿರ ತಿನ್ನುತ್ತಾರೆ. ಮೂತ್ರವೇ ಬಾರದ ಮನುಷ್ಯ ದಿನಕ್ಕೆ 9 ಗ್ರಾಂ ತಿಂದರೆ ಮೂರು ದಿನಕ್ಕೆ ಮೂರು ಲೀಟರ್. ಲೆಕ್ಕ ಬಹಳ ಸುಲಭ. ನೀರು ಕಡಿಮೆ ಕುಡಿಯಿರಿ ಎಂದು ಬೈಯುವ ನಾವು ಉಪ್ಪಿನ ಮಾತೆತ್ತದಿದ್ದರೆ ಬೈದು ಪ್ರಯೋಜನವಿಲ್ಲ. ಅದರಲ್ಲೂ ಯಾದಗಿರಿ ಜಿಲ್ಲೆಯ ಬೇಸಿಗೆ, 42 ಡಿಗ್ರಿ ದಾಟುವ ಬಿಸಿಲು. ಉಪ್ಪಿನ ಬಾಯಾರಿಕೆಯನ್ನು ತಡೆದುಕೊಳ್ಳುವುದು ಆ ಬಿಸಿಲಲ್ಲಿ ಯಾರಿಂದಲೂ ಆಗದು.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳುವುದಿಲ್ಲ. ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವ ರೂಢಿ ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿಸುವ ಮುಖ್ಯ ಆಹಾರವೇ ಸಪ್ಪೆ. ಉಪ್ಪೆಲ್ಲ ಬರುವುದು ತಾಟಿನ ಅಂಚಿನಿಂದ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಮಾವಿನಕಾಯಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಮಜ್ಜಿಗೆಗೆ ಹಾಕುವ ಚಿಟಿಕೆ. ಹಪ್ಪಳಕ್ಕೂ ಮಿರ್ಚಿಗೂ ಹಾಕುವ ಸೋಡಾದಲ್ಲಿಯೂ ಸೋಡಿಯಂ ಇದೆ, ಹೊಟ್ಟೆ ಉಬ್ಬರಕ್ಕೆಂದು ನೀರಿಗೆ ಹಾಕಿ ಬುರುಬುರು ಎನ್ನಿಸಿ ಕುಡಿಯುವ ಪುಡಿಯಲ್ಲಿಯೂ ಇದೆ. ಹೀಗಾಗಿ ಮನೆಯ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟೇ: ರೊಟ್ಟಿಯನ್ನು ಮುಟ್ಟಬೇಡಿ, ಅಂಚನ್ನು ಬದಲಿಸಿ. ಹಿಂಡಿಯನ್ನು ಉಪ್ಪಿಲ್ಲದೆ ಕುಟ್ಟಿ ಬೆಳ್ಳುಳ್ಳಿ, ಜೀರಿಗೆ ಜಾಸ್ತಿ ಮಾಡಿ. ಉಪ್ಪಿನಕಾಯಿ ಭರಣಿ ಕಪಾಟಿನ ಮೇಲಕ್ಕೆ ಹೋಗಲಿ. ಒಂದೆರಡು ವಾರ ನಾಲಗೆ ಮುನಿಸಿಕೊಳ್ಳುತ್ತದೆ, ಆಮೇಲೆ ಒಗ್ಗುತ್ತದೆ.

“ಉಪ್ಪಿಲ್ಲದ ಊಟ ಹ್ಯಾಂಗ ಇಳೀಬೇಕ್ರಿ ಸಿಸ್ಟರ್?” ಎಂದು ಕೇಳುವವರಿಗೆ ಕ್ಲೈಡ್ ಶೀಲ್ಡ್ಸ್‌ನ ಕಥೆ ಹೇಳುತ್ತೇನೆ. ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು 1960ರ ಮಾರ್ಚಿನಲ್ಲಿ ಮತ್ತೆಮತ್ತೆ ಡಯಾಲಿಸಿಸ್ ಮಾಡಲು ಬರುವಂಥ ಕೊಳವೆಯನ್ನು ಮೊದಲ ಬಾರಿಗೆ ಕೈಗೆ ಜೋಡಿಸಿದ್ದು ಈ ಶೀಲ್ಡ್ಸ್‌ಗೆ. ಆತ ಯಂತ್ರಗಳ ಕೆಲಸಗಾರ. ಬಿಪಿ ಜೀವಕ್ಕೇ ಕುತ್ತು ತರುವಷ್ಟು ಏರಿತ್ತು. ಸ್ಕ್ರಿಬ್ನರ್ ತಂಡ ಮಾಡಿದ್ದು ಎರಡು ಕೆಲಸ. ಯಂತ್ರದಿಂದ ಹೆಚ್ಚಿನ ನೀರು ತೆಗೆದರು, ಊಟದ ಉಪ್ಪು ಇಳಿಸಿದರು. ಬಿಪಿ ಇಳಿಯಿತು. ಶೀಲ್ಡ್ಸ್ ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಬದುಕಿದ. ಇಂದು ನಾವು ದಿನವೂ ಬಳಸುವ ‘ಡ್ರೈ ವೇಟ್’ ಎಂಬ ಲೆಕ್ಕದ ಬೇರು ಅಲ್ಲಿದೆ. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ಆ ಮನುಷ್ಯ ಎಷ್ಟು ತೂಗುತ್ತಾನೋ ಅದು ಡ್ರೈ ವೇಟ್. ಅದನ್ನು ಮುಟ್ಟಿಸಿದ ಮರುದಿನವೇ ಬಿಪಿ ಇಳಿಯುತ್ತದೆ ಎಂದುಕೊಳ್ಳಬಾರದು, ಕೆಲವರಲ್ಲಿ ವಾರಗಳು, ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಹಟ ಹಿಡಿದವರು ಒಂದೊಂದೇ ಗುಳಿಗೆ ಬಿಡಿಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಕಾಕಾನ ಮೂರು ಮುಕ್ಕಾಲು ಲೀಟರನ್ನು ನಾಲ್ಕು ತಾಸಿನಲ್ಲಿ ತೆಗೆಯುವುದು ಹುಡುಗಾಟವಲ್ಲ. ಯಂತ್ರಕ್ಕೆ ಅಂಕಿ ಕೊಟ್ಟರೆ ಅದು ಎಳೆಯುತ್ತದೆ, ಮೈ ತಾಳಬೇಕಲ್ಲ. ಮೂರನೆಯ ತಾಸಿಗೆ ಅವರ ಕಾಲಿನ ಮೀನಖಂಡ ಸೆಟೆದು ಕಲ್ಲಾಯಿತು, “ಯವ್ವಾ ಸತ್ನೆ” ಎಂದು ಕೂಗಿಕೊಂಡರು. ಎಳೆಯುವ ವೇಗ ಇಳಿಸಿ, ಕಾಲು ನೀವಿ, ಉಳಿದ ನೀರನ್ನು ಮುಂದಿನ ಸಲಕ್ಕೆ ಬಿಟ್ಟೆವು. ಅಂದರೆ ಅವರು ಅರ್ಧ ಹೊರೆ ಹೊತ್ತುಕೊಂಡೇ ಮನೆಗೆ ಹೋದರು. 50 ಕಿಲೊ ತೂಕದವರು ಎರಡು ಡಯಾಲಿಸಿಸ್ ನಡುವೆ ಎರಡು ಕಿಲೊ ಒಳಗೆ ಇದ್ದರೆ ಈ ಹಿಂಸೆ ಇರುವುದಿಲ್ಲ.

ಇನ್ನು ಎರಡನೆಯ ಆರೋಪಿ. ಕೆಲವರ ಮೈಯಲ್ಲಿ ಒಂದು ತೊಟ್ಟು ಹೆಚ್ಚಿನ ನೀರಿಲ್ಲ, ಆದರೂ ಬಿಪಿ ಇಳಿಯುವುದಿಲ್ಲ. ಇದನ್ನು ತಿಳಿಯಲು ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ರೈತನನ್ನು ನೆನೆಸಿಕೊಳ್ಳಿ. ಬಸವಸಾಗರ ಜಲಾಶಯ ತುಂಬಿ ತುಳುಕುತ್ತಿರುತ್ತದೆ, ಮೇಲಿನ ಹೊಲಗಳಲ್ಲಿ ಭತ್ತ ನಿಂತ ನೀರಲ್ಲಿರುತ್ತದೆ. ಕೊನೆಯ ಭಾಗದವನ ಹೊಲಕ್ಕೆ ಮಾತ್ರ ಹನಿಯಿಲ್ಲ. ಅವನ ಪ್ರಕಾರ ಡ್ಯಾಮೇ ಬರಿದು, ಇನ್ನಷ್ಟು ನೀರು ಬಿಡಿ ಎಂದು ರಸ್ತೆಗಿಳಿಯುತ್ತಾನೆ. ಕೆಟ್ಟ ಕಿಡ್ನಿಯೊಳಗೂ ಹೀಗೆಯೇ. ಗಾಯವಾಗಿ ಗಂಟುಕಟ್ಟಿದ ಜಾಗಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಇಡೀ ದೇಹದಲ್ಲೇ ರಕ್ತ ಕಡಿಮೆಯಾಗಿದೆ ಎಂದು ತಿಳಿದು ಅವು ರೆನಿನ್ ಎಂಬ ರಸ ಸುರಿಸುತ್ತವೆ. ರೆನಿನ್‌ನಿಂದ ಆಂಜಿಯೊಟೆನ್ಸಿನ್ ಹುಟ್ಟಿ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಅದರ ಬೆನ್ನಿಗೆ ಆಲ್ಡೊಸ್ಟಿರೋನ್ ಬಂದು ಇರುವ ಉಪ್ಪನ್ನೂ ಬಿಡಬೇಡ ಎನ್ನುತ್ತದೆ. ಮೈಯಲ್ಲಿ ನೀರು ಹೆಚ್ಚಾದಾಗ ರೆನಿನ್ ಇಳಿಯಬೇಕಿತ್ತು. ಕಿಡ್ನಿ ರೋಗಿಗಳಲ್ಲಿ ಅದು ಇಳಿಯಬೇಕಾದಷ್ಟು ಇಳಿಯುವುದಿಲ್ಲ.

ಈ ರೆನಿನ್ ಪತ್ತೆಯಾದದ್ದು 1898ರಲ್ಲಿ. ಸ್ವೀಡನ್‌ನಲ್ಲಿ ರಾಬರ್ಟ್ ಟೈಗರ್‌ಸ್ಟೆಟ್ ಮತ್ತು ಅವರ ವಿದ್ಯಾರ್ಥಿ ಪರ್ ಬರ್ಗ್‌ಮನ್ ಮೊಲದ ಕಿಡ್ನಿಯ ಸಾರ ತೆಗೆದು ಬೇರೆ ಮೊಲಗಳಿಗೆ ಚುಚ್ಚಿದಾಗ ಅವುಗಳ ಬಿಪಿ ಏರಿತು. ಅದಕ್ಕೂ ಅರವತ್ತು ವರ್ಷ ಮುಂಚೆ, 1836ರಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಕಿಡ್ನಿ ಕುಗ್ಗಿ ಸತ್ತವರ ಹೃದಯ ದಪ್ಪಗಾಗಿರುವುದನ್ನು ಗಮನಿಸಿ ಬರೆದಿಟ್ಟಿದ್ದರು. ಆಗ ಬಿಪಿ ಅಳೆಯುವ ಪಟ್ಟಿಯೇ ಇರಲಿಲ್ಲ, ನಾಡಿ ಹಿಡಿದು ತಿಳಿಯಬೇಕಿತ್ತು. ಆಂಜಿಯೊಟೆನ್ಸಿನ್ ಕಟ್ಟಿಹಾಕುವ ಔಷಧಿ ಸಿಕ್ಕ ಬಗೆ ಇನ್ನೂ ಸ್ವಾರಸ್ಯದ್ದು. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲ ಜಾತಿಯ ಹಾವಿನ ವಿಷದಲ್ಲಿದ್ದ ಅಂಶವನ್ನು ಸೆರ್ಜಿಯೊ ಫೆರೇರಾ ಎಂಬ ವಿಜ್ಞಾನಿ 1960ರ ದಶಕದಲ್ಲಿ ಬಿಡಿಸಿಕೊಟ್ಟರು, ಅದೇ ಎಳೆ ಹಿಡಿದು ಕ್ಯಾಪ್ಟೊಪ್ರಿಲ್ ತಯಾರಾಯಿತು. ಎನಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು. ಟೆಲ್ಮಿಸಾರ್ಟನ್, ಲೋಸಾರ್ಟನ್ ಬೇರೆ ದಾರಿಯಿಂದ ಬಂದು ಅದೇ ಕೆಲಸ ಮಾಡುತ್ತವೆ. ಇವು ಮೂತ್ರದಲ್ಲಿ ಹೋಗುವ ಪ್ರೋಟೀನನ್ನೂ ತಡೆದು ಕಿಡ್ನಿಯನ್ನು ಇನ್ನೊಂದಷ್ಟು ಕಾಲ ಉಳಿಸುತ್ತವೆ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲವು, ಹಾಗಾಗಿ ಆಗಾಗ ರಕ್ತ ಪರೀಕ್ಷೆ ಬೇಕು.

ಸತ್ತ ಕಿಡ್ನಿ ಸುಮ್ಮನೆ ಬಿದ್ದಿರುತ್ತದೆ ಎಂದುಕೊಂಡರೆ ಅದೂ ತಪ್ಪು. ಡಯಾಲಿಸಿಸ್‌ನ ಆರಂಭದ ದಿನಗಳಲ್ಲಿ, ಒಳ್ಳೆಯ ಗುಳಿಗೆಗಳಿಲ್ಲದಾಗ, ಏನು ಮಾಡಿದರೂ ಬಿಪಿ ಇಳಿಯದವರ ಎರಡೂ ಕಿಡ್ನಿಗಳನ್ನು ಆಪರೇಷನ್ ಮಾಡಿ ತೆಗೆದುಹಾಕುತ್ತಿದ್ದರು. ಆಗ ಬಿಪಿ ಇಳಿಯುತ್ತಿತ್ತು. ರೆನಿನ್ ನಿಂತದ್ದು ಒಂದು ಕಾರಣ. ಇನ್ನೊಂದನ್ನು 1992ರಲ್ಲಿ ಡಲ್ಲಾಸ್‌ನ ವೈದ್ಯರು ತೋರಿಸಿದರು. ಕೆಟ್ಟ ಕಿಡ್ನಿ ಒಳಗಿದ್ದ ಡಯಾಲಿಸಿಸ್ ರೋಗಿಗಳಲ್ಲಿ ರಕ್ತನಾಳ ಬಿಗಿ ಹಿಡಿಯುವ ನರಗಳ ಚಟುವಟಿಕೆ ವಿಪರೀತವಾಗಿತ್ತು, ಕಿಡ್ನಿ ತೆಗೆಸಿಕೊಂಡವರಲ್ಲಿ ಆರೋಗ್ಯವಂತರಷ್ಟೇ ಇತ್ತು. ರೋಗದ ಕಿಡ್ನಿ ಮಿದುಳಿಗೆ ಸತತ ದೂರು ಕಳಿಸುತ್ತಲೇ ಇರುತ್ತದೆ, ಮಿದುಳು ನರಗಳ ಮೂಲಕ ಬಿಗಿಮಾಡುತ್ತಲೇ ಇರುತ್ತದೆ. ಕಾಕಾ ಹೇಳುವ ಟೆನ್ಶನ್ ಒಂದಾದರೆ ಇದು ಬೇರೆಯೇ ಟೆನ್ಶನ್, ಹತ್ತಿ ದರ ಏರಿದರೂ ಕಡಿಮೆಯಾಗದ್ದು.

ರಕ್ತನಾಳಗಳೂ ಹಳೆಯವಾಗುತ್ತವೆ. ಕಿಡ್ನಿ ಕೆಟ್ಟಾಗ ರಂಜಕ ಹೊರಗೆ ಹೋಗದೆ ಉಳಿದು, ಸುಣ್ಣದ ಅಂಶದ ಜೊತೆ ಸೇರಿ ನಾಳಗಳ ಗೋಡೆಯಲ್ಲಿ ಕೂರುತ್ತದೆ. ನಾಳ ಗಡುಸಾಗುತ್ತದೆ. ಮೇಲಿನ ಅಂಕಿ 180, ಕೆಳಗಿನದು 70 ಎಂಬಂಥ ಬಿಪಿ ಹೆಚ್ಚಾಗಿ ಇಂಥವರದು. ನಾಳಗಳನ್ನು ಸಡಿಲ ಮಾಡುವ ನೈಟ್ರಿಕ್ ಆಕ್ಸೈಡ್ ಎಂಬುದೂ ಇವರಲ್ಲಿ ಕಡಿಮೆ. ರಾತ್ರಿ ನಿದ್ದೆಯಲ್ಲಿ ಆರೋಗ್ಯವಂತರ ಬಿಪಿ ಒಂದಿಷ್ಟು ಇಳಿಯುತ್ತದೆ, ಕಿಡ್ನಿ ರೋಗಿಗಳಲ್ಲಿ ಬಹಳ ಜನರಿಗೆ ಇಳಿಯುವುದಿಲ್ಲ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗಂತೂ ರಾತ್ರಿಯೇ ಹೆಚ್ಚು.

ನಾವು ಕೊಡುವ ಔಷಧಿಯಲ್ಲೂ ಬಿಪಿ ಏರಿಸುವಂಥದ್ದಿದೆ. ಕಿಡ್ನಿ ಎರಿತ್ರೊಪೊಯೆಟಿನ್ ಎಂಬ ರಸ ತಯಾರಿಸಿ ರಕ್ತ ಉತ್ಪತ್ತಿಗೆ ನೆರವಾಗುತ್ತದೆ, ಅದು ನಿಂತಾಗ ಹಿಮೋಗ್ಲೋಬಿನ್ ಇಳಿಯುತ್ತದೆ. ಆಗ ಅದನ್ನೇ ಇಂಜೆಕ್ಷನ್ ಆಗಿ ಕೊಡುತ್ತೇವೆ. ಕೆಲವರಲ್ಲಿ, ಅದರಲ್ಲೂ ರಕ್ತ ಬೇಗ ಏರಿದವರಲ್ಲಿ, ಬಿಪಿಯೂ ಏರುತ್ತದೆ. ಇಂಜೆಕ್ಷನ್ ಬಿಡುವುದು ಪರಿಹಾರವಲ್ಲ, ಡೋಸ್ ಹೊಂದಿಸಬೇಕಾಗುತ್ತದೆ.

ಇದಕ್ಕಿಂತ ನನಗೆ ಸಿಟ್ಟು ಬರಿಸುವುದು ನೋವಿನ ಗುಳಿಗೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಸೊಂಟ ಹಿಡಿದವರು ಅಂಗಡಿಗೆ ಹೋಗಿ ಕೆಂಪು ಗುಳಿಗೆ, ಹಳದಿ ಗುಳಿಗೆ ಎಂದು ಬಣ್ಣ ಹೇಳಿ ಕೊಳ್ಳುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯ ಈ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಇಳಿಸುತ್ತವೆ, ಉಪ್ಪು ಹಿಡಿದಿಡುತ್ತವೆ, ಬಿಪಿ ಗುಳಿಗೆಯ ಶಕ್ತಿಯನ್ನೇ ಕುಂದಿಸುತ್ತವೆ. ಬಿಸಿಲಲ್ಲಿ ದುಡಿದು ಮೈ ಒಣಗಿದಾಗ ನುಂಗಿದರಂತೂ ಕೆಡುಕು ಇಮ್ಮಡಿ. ಬಿಪಿ, ಸಕ್ಕರೆ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಲೇಬಾರದು. ಏನು ಬೆರೆಸಿದ್ದಾರೆಂದು ಬರೆದಿರದ ಪುಡಿ, ಭಸ್ಮಗಳಿಗೂ ಇದೇ ಮಾತು.

ಊರಲ್ಲಿ ಇನ್ನೊಂದು ಮಾತಿದೆ, ಎಲ್ಲ ನೀರಿನಿಂದ ಎಂದು. ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕು, ಜನರ ಚರ್ಮಕ್ಕೆ ರೋಗ ತಗುಲಿದ್ದು ದೊಡ್ಡ ಸುದ್ದಿಯಾಗಿತ್ತು. ಆ ಭಯ ಸುಳ್ಳಲ್ಲ, ಶುದ್ಧ ನೀರಿಗಾಗಿ ಜಗಳ ಮಾಡಲೇಬೇಕು. ಆದರೆ ನನ್ನೆದುರು ಮಲಗುವವರ ಫೈಲುಗಳಲ್ಲಿ ಹೆಚ್ಚಾಗಿ ಬರೆದಿರುವುದು ಸಕ್ಕರೆ ಕಾಯಿಲೆ ಮತ್ತು ಬಹಳ ವರ್ಷ ಲಕ್ಷ್ಯ ಕೊಡದ ಬಿಪಿ. ಏರಿದ ಬಿಪಿ ನೆಫ್ರಾನ್‌ಗಳನ್ನು ಕೊಲ್ಲುತ್ತದೆ, ಸತ್ತ ನೆಫ್ರಾನ್‌ಗಳು ಬಿಪಿಯನ್ನು ಇನ್ನಷ್ಟು ಏರಿಸುತ್ತವೆ. ಯಾವುದು ಮೊದಲು ಶುರುವಾಯಿತೆಂದು ಹುಡುಕುವಷ್ಟರಲ್ಲಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಎಂಟು ದಾಟಿರುತ್ತದೆ.

ಗುಳಿಗೆ ತಪ್ಪಿದರೂ ಬಿಪಿ ಏರುತ್ತದೆ. ಅದು ತಪ್ಪುವುದಕ್ಕೆ ನಮ್ಮ ಜಿಲ್ಲೆಯದೇ ಆದ ಕಾರಣವೊಂದಿದೆ: ದುಡಿಯಲು ಬೆಂಗಳೂರಿಗೆ ಹೋಗುವುದು. ಕಟ್ಟಡದ ಕೆಲಸಕ್ಕೆ ಹೋದ ಮಗನ ಜೊತೆ ಅವ್ವನೂ ಹೋಗುತ್ತಾಳೆ. ಇಲ್ಲಿ ಪುಕ್ಕಟೆ ಸಿಗುತ್ತಿದ್ದ ಗುಳಿಗೆ ಅಲ್ಲಿ ಎಲ್ಲಿ ಕೇಳಬೇಕೆಂದು ತಿಳಿಯದೆ ನಿಂತುಹೋಗುತ್ತದೆ. ಕ್ಲೋನಿಡಿನ್‌ನಂಥ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಬಿಪಿ ಮೊದಲಿದ್ದುದಕ್ಕಿಂತ ಮೇಲೆ ಜಿಗಿಯುತ್ತದೆ, ಲಕ್ವ ಹೊಡೆಯುವುದು ಇಂಥ ಹೊತ್ತಿನಲ್ಲಿ. ಊರು ಬಿಡುವ ಮುಂಚೆ ಚೀಟಿಯ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ, ಒಂದು ತಿಂಗಳ ಗುಳಿಗೆ ಕೇಳಿ ತೆಗೆದುಕೊಳ್ಳಿ. ಡಯಾಲಿಸಿಸ್‌ನಲ್ಲಿರುವವರಾದರೆ ಹೋಗುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಜಾಗ ಖಾತ್ರಿ ಮಾಡಿಕೊಂಡೇ ಬಸ್ ಹತ್ತಿ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡವರಿಗೆ ಡಯಾಲಿಸಿಸ್ ಪುಕ್ಕಟೆ.

ಇನ್ನು ಎರಡು ಮಾತು. ಟಿವಿ ನೋಡಿ ‘ಬಿಪಿ ಇದ್ದವರಿಗೆ’ ಎಂಬ ಲೋ-ಸೋಡಿಯಂ ಉಪ್ಪಿನ ಪ್ಯಾಕೆಟ್ ತರುವ ಮಕ್ಕಳಿದ್ದಾರೆ. ಅದರಲ್ಲಿ ಒಂದು ಪಾಲು ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಗಟ್ಟಿ ಇದ್ದವರಿಗೆ ಅದು ಒಳ್ಳೆಯದೇ, ಕಿಡ್ನಿ ಸೋತವರಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಸೈಂಧವ ಲವಣವೂ ಕೊನೆಗೆ ಉಪ್ಪೇ. ಎರಡನೆಯದು, ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಲು ಯಾರಿಗೂ ಬಿಡಬೇಡಿ, ಅವರು ಡಾಕ್ಟರೇ ಆಗಿರಲಿ.

ಕಿಡ್ನಿ ಪೂರ್ತಿ ಸೋತವರಿಗೆ ನಾವಿದ್ದೇವೆ, ಯಂತ್ರಗಳಿವೆ. ಇನ್ನೂ ಸೋಲದವರಿಗೆ ನನ್ನದೊಂದು ಕೇಳಿಕೆ. ಬಿಪಿ ಅಥವಾ ಸಕ್ಕರೆ ಇದ್ದರೆ ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡಿಸಿ, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ. ಮೈ ಊದಿಕೊಳ್ಳುವ ಎಷ್ಟೋ ವರ್ಷ ಮೊದಲೇ ಈ ಎರಡು ಪರೀಕ್ಷೆಗಳು ಕಿಡ್ನಿಯ ಸ್ಥಿತಿ ಹೇಳಿಬಿಡುತ್ತವೆ, ಆಗಿನ್ನೂ ಗುಳಿಗೆಗಳಿಂದ ಅದನ್ನು ಉಳಿಸಿಕೊಳ್ಳಲು ಸಾಧ್ಯವಿರುತ್ತದೆ. ಮುಂದಿನ ಸಲ ಬಿಪಿ ಗುಳಿಗೆಗೆಂದು ಆಸ್ಪತ್ರೆಗೆ ಹೋದಾಗ ಈ ಎರಡಕ್ಕೂ ಚೀಟಿ ಬರೆಸಿಕೊಳ್ಳದೆ ಎದ್ದು ಬರಬೇಡಿ.